ಸಿದ್ದಿ ಮಕ್ಕಳ ಓದಿಗೆ ನಮ್ಮ ರೊಕ್ಕ

ಓದಿಗೆ ದಾನ ಕೊಡುವುದು ಧಾರವಾಡದ ಕಡೆ ಹೊಸದಲ್ಲ. ಶಿರಸಂಗಿಯ ದೊಡ್ಡ ಜಮೀನ್ದಾರರಾಗಿದ್ದ ಲಿಂಗರಾಜರು 1906ರಲ್ಲಿ ತೀರಿಕೊಂಡರು. ಅದಕ್ಕೂ ಮೊದಲೇ ತಮ್ಮ ಆಸ್ತಿಯನ್ನು ವಿದ್ಯೆಗೆಂದು ಬರೆದಿಟ್ಟಿದ್ದರು. ನಾವು ಅಷ್ಟು ದೊಡ್ಡವರಲ್ಲ. ಪಗಾರದಲ್ಲಿ ತಿಂಗಳಿಗಿಷ್ಟು ಅಂತ ಎತ್ತಿಡುವ ಕೆಲವು ಗೆಳೆಯರು, ಅಷ್ಟೇ. ಧಾರವಾಡ ಜಿಲ್ಲೆಯ ಕಲಘಟಗಿ ತಾಲ್ಲೂಕಿನಲ್ಲಿರುವ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಮಕ್ಕಳು ಹತ್ತನೇ ಕ್ಲಾಸಿಗೇ ಓದು ಬಿಡಬಾರದು ಅಂತ ಸೇರಿಕೊಂಡೆವು.

ಫೀ ಕಟ್ಟಿದರೆ ಮುಗೀತು ಅಂತ ಬಹಳ ದಾನಿಗಳು ತಿಳಿದಿರುತ್ತಾರೆ. ಆದರೆ ಫೀಗೆ, ಹಾಸ್ಟೆಲಿಗೆ ಸರ್ಕಾರದ ಸ್ಕಾಲರ್‌ಶಿಪ್ ಇದೆ. ಅದು ಕೈಗೆ ಸಿಗಬೇಕಾದರೆ ಜಾತಿ ಸರ್ಟಿಫಿಕೇಟ್ ಬೇಕು. ಉತ್ತರ ಕನ್ನಡದ ಸಿದ್ದಿಗಳು 2003ರಲ್ಲೇ ಪರಿಶಿಷ್ಟ ಪಂಗಡಕ್ಕೆ ಸೇರಿದರು. ಧಾರವಾಡ, ಬೆಳಗಾವಿ ಜಿಲ್ಲೆಯವರು ಸೇರಿದ್ದು 2020ರಲ್ಲಿ. ಒಂದೇ ಕಾಡು, ಒಂದೇ ಬೀಗತನ, ಆದರೂ ಅಲ್ಲಿಯವರೆಗೆ ಜಿಲ್ಲೆ ಗಡಿ ದಾಟಿದರೆ ಹಕ್ಕು ಬೇರೆ ಇತ್ತು! ಇಂಥ ಕಾಗದಕ್ಕಾಗಿ ಅಪ್ಪ ಅಥವಾ ಅವ್ವ ಕಚೇರಿಗೆ ಅಲೆದರೆ ಆ ದಿನದ ಕೂಲಿ ಹೋಗುತ್ತದೆ. ನಮ್ಮ ರೊಕ್ಕ ಮೊದಲು ಹೋಗಿದ್ದೇ ಆ ಕೂಲಿಗೆ. ಸ್ಕಾಲರ್‌ಶಿಪ್ ತಡವಾದಾಗ ಪುಸ್ತಕ, ಪರೀಕ್ಷೆ ಫೀ ಅಂತ ಕೈಗಡ ಕೊಟ್ಟೆವು. ವಾಪಸ್ ಬಂದರೆ ಬರಲಿ, ಇಲ್ಲದಿದ್ದರೆ ಇಲ್ಲ.

ರೊಕ್ಕದಿಂದ ನೇರವಾಗಿ ಬಗೆಹರಿಯದ್ದೂ ಇದೆ. ಸಿದ್ದಿಗಳ ಹಿರಿಯರನ್ನು ಪೋರ್ಚುಗೀಸರ ಕಾಲದಲ್ಲಿ ಆಫ್ರಿಕಾದಿಂದ ಗುಲಾಮರಾಗಿ ತಂದರು. ಇವತ್ತಿಗೂ ಕ್ಲಾಸಿನಲ್ಲಿ ಅವರ ಕೂದಲು, ಬಣ್ಣ ಹಿಡಿದು ಆಡಿಕೊಳ್ಳುತ್ತಾರೆ. ಓದು ಬಿಟ್ಟ ಹುಡುಗನೊಬ್ಬ, ‘ಲೆಕ್ಕ ಬರತೈತ್ರೀ ಸರ, ಆದ್ರ ನಗತಾರ್ರೀ’ ಅಂದಿದ್ದ. ಹಾಗಾಗಿ ಒಂದೇ ಮಗುವನ್ನು ಒಂಟಿಯಾಗಿ ಹಾಸ್ಟೆಲಿಗೆ ಸೇರಿಸುವುದನ್ನು ನಿಲ್ಲಿಸಿದೆವು, ಇಬ್ಬರು ಮೂವರು ಒಟ್ಟಿಗೆ ಹೋಗುತ್ತಾರೆ. ಸಂಜೆ ಪಾಠಕ್ಕೆ ಅದೇ ಊರಿನ ಬಿ.ಎ. ಮುಗಿಸಿದ ಸಿದ್ದಿ ಹುಡುಗಿಯನ್ನು ಇಟ್ಟುಕೊಂಡೆವು. ಸೇವೆ ಅಂತ ಸುಮ್ನೆ ದುಡಿಸಲಿಲ್ಲ, ತಿಂಗಳಿಗೆ ಸರಿಯಾಗಿ ಪಗಾರ. ನಾವು ಖರ್ಚು ಮಾಡಿದ್ದರಲ್ಲಿ ಇದಕ್ಕಿಂತ ಜಾಸ್ತಿ ಫಲ ಕೊಟ್ಟದ್ದು ಯಾವುದೂ ಇಲ್ಲ. ‘ಅಕ್ಕೋರು’ ತಮ್ಮವರೇ ಆದಮೇಲೆ ಮಕ್ಕಳು ಪ್ರಶ್ನೆ ಕೇಳತೊಡಗಿದರು.

ದಾನಿಗಳಿಗೆ ಮಕ್ಕಳ ಫೋಟೊ ಬೇಕು. ಕೊಡುವುದಿಲ್ಲ ಅಂದಾಗ ಒಂದಿಬ್ಬರು ದೂರ ಸರಿದರು, ಸರಿಯಲಿ ಬಿಡಿ. ಲೆಕ್ಕಪತ್ರ ಎಲ್ಲರಿಗೂ ಕಳಿಸುತ್ತೇವೆ, ಅದು ಸಾಕಲ್ವಾ?

ಈಗ ಯಾವುದಕ್ಕೆ ಎಷ್ಟು ಅಂತ ತಾಯಂದಿರೇ ಕೂತು ಹೇಳುತ್ತಾರೆ. 2023ರ ಜೂನಿನಿಂದ ಶಕ್ತಿ ಯೋಜನೆಯಲ್ಲಿ ಹುಡುಗಿಯರಿಗೆ ಬಸ್ ಪುಕ್ಕಟೆ ಆಯಿತು. ಅವರ ಬಸ್ಸಿಗೆ ಇಟ್ಟಿದ್ದ ರೊಕ್ಕವನ್ನು ಹುಡುಗರ ಪಾಸಿಗೆ ಹಾಕಿ ಅಂದರು. ಹಾಗೇ ಮಾಡಿದೆವು.