ಗೀಸರ್ ವೈ-ಫೈಗೆ ಸೇರದಿದ್ದಾಗ

ಡೊಂಬಿವಲಿಯ ಫ್ಲ್ಯಾಟಿನಲ್ಲಿ ಹೊಸ ಸ್ಮಾರ್ಟ್ ಗೀಸರ್ ‘ಕನೆಕ್ಟಿಂಗ್’ ಎಂದಷ್ಟೇ ತೋರಿಸಿ ನಿಂತುಬಿಡುತ್ತಿತ್ತು. ಪಾಸ್‌ವರ್ಡ್ ಸರಿಯಿತ್ತು. ಇಂಥ ಉಪಕರಣಗಳಲ್ಲಿ ಹೆಚ್ಚಿನವು 2.4 ಗಿಗಾಹರ್ಟ್ಸ್ ಬ್ಯಾಂಡಿನ (ತರಂಗಪಟ್ಟಿಯ) ವೈ-ಫೈ ಮಾತ್ರ ಹಿಡಿಯುತ್ತವೆ. ರೌಟರ್ ಮಾತ್ರ 2.4, 5 ಎರಡಕ್ಕೂ ಒಂದೇ ಹೆಸರಿಟ್ಟು, ಇಂಥ ಹಲವು ಉಪಕರಣಗಳಿಗೆ ಒಗ್ಗದ ಡಬ್ಲ್ಯುಪಿಎ3 ಎಂಬ ಹೊಸ ಭದ್ರತಾ ವಿಧಾನ ಹಾಕಿಕೊಂಡು ಕೂತಿತ್ತು.

ರೌಟರಿನ ಸೆಟ್ಟಿಂಗ್ ಪುಟ ತೆರೆದು (ವಿಳಾಸ ಸಾಮಾನ್ಯವಾಗಿ ಅದರ ಬೆನ್ನ ಮೇಲಿನ ಚೀಟಿಯಲ್ಲಿರುತ್ತದೆ) ಬ್ಯಾಂಡ್ ಸ್ಟೀರಿಂಗ್, ಅಂದರೆ ಯಾವ ಸಾಧನ ಯಾವ ಬ್ಯಾಂಡಿಗೆ ಎಂದು ರೌಟರೇ ಆರಿಸುವ ಏರ್ಪಾಡು, ಆಫ್ ಮಾಡಿದೆ. 2.4ಕ್ಕೆ ಬೇರೆ ಹೆಸರು, ಭದ್ರತೆಗೆ ಹಳೆಯ ಡಬ್ಲ್ಯುಪಿಎ2-ಎಇಎಸ್, ಚಾನೆಲ್ ಅಗಲ 20 ಮೆಗಾಹರ್ಟ್ಸ್. ಚಾನೆಲ್ ಆಟೋದಲ್ಲಿ 13 ಆಗಿತ್ತು. ಕೆಲವು ಸಾಧನಗಳಿಗೆ 12, 13 ಕಾಣಿಸುವುದೇ ಇಲ್ಲ. ಗೋಡೆಗೆ ಗೋಡೆ ತಾಗಿದ ಮನೆಗಳಲ್ಲಿ ಒಂದರ ಮೇಲೊಂದು ಬೀಳದ 1, 6, 11ರ ಪೈಕಿ ನೆರೆಯ ವೈ-ಫೈಗಳ ಗದ್ದಲ ಕಡಿಮೆ ಇರುವುದನ್ನೇ ಹಾಕಬೇಕು. ಇಲ್ಲಿ 11 ಸಿಕ್ಕಿತು.

ಫೋನನ್ನೂ ಅದೇ ಹೆಸರಿಗೆ ಸೇರಿಸಿ, ಮೊಬೈಲ್ ಡೇಟಾ, ವಿಪಿಎನ್ ಆಫ್ ಮಾಡಿ, ಲೊಕೇಶನ್ ಆನ್ ಇಟ್ಟು, ಗೀಸರಿನ ವೈ-ಫೈ ದೀಪ ಬೇಗಬೇಗ ಮಿನುಗುವವರೆಗೆ ಬಟನ್ ಒತ್ತಿ ಹಿಡಿದೆ. ಸೇರಿತು. ಆಮೇಲೆ ಫೋನನ್ನು 5ಕ್ಕೆ ಮರಳಿಸಿದರೂ ಆ್ಯಪ್ ನಡೆಯುತ್ತದೆ.