'ಪುರಾಣ' ಎಂಬ ಪದದ ಮೂಲ ಹುಡುಕುವುದು ಹೇಗೆ?

ಪದದ ಹುಟ್ಟು ಹುಡುಕಲು ಹೊರಟವರು ಸಾಮಾನ್ಯವಾಗಿ ಮೊದಲು ಅದನ್ನು ಒಡೆದು ನೋಡುತ್ತಾರೆ. ಹಾಗೆ ಮಾಡಬೇಡಿ. ಮೊದಲು ಬಳಕೆಗಳನ್ನು ಕೂಡಿಹಾಕಿ, ಒಡೆಯುವುದು ಆಮೇಲೆ. 'ಪುರಾಣ' ಪದವನ್ನೇ ತೆಗೆದುಕೊಳ್ಳೋಣ.

ಇವತ್ತು ಜನ ಅದನ್ನು ಹೇಗೆ ಆಡುತ್ತಾರೆ ಅಂತ ಬರೆದುಕೊಳ್ಳಿ. 'ಪುರಾಣದ ಕಥೆ' ಅಂದರೆ ದೇವತೆಗಳು, ಅಸುರರು, ಋಷಿಗಳು, ರಾಜವಂಶಗಳ ಕಥೆ. 'ಸಾಕು ಮಾಡು ನಿನ್ನ ಪುರಾಣ' ಅಂದಾಗ ಅದು ಮುಗಿಯದ ಮಾತು. 'ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ' ಅನ್ನುವ ಗಾದೆಯಲ್ಲಿ ಉಪದೇಶ. ಇಷ್ಟು ಕೈಯಲ್ಲಿದ್ದರೆ ನಿಘಂಟಿನಲ್ಲಿ ಏನು ಹುಡುಕಬೇಕು ಅನ್ನುವುದು ತಾನಾಗಿ ಗೊತ್ತಾಗುತ್ತದೆ.

ಈಗ ನಿಘಂಟು ತೆಗೆಯಿರಿ. 1894ರ ಕಿಟೆಲ್ ನಿಘಂಟು ಇದೆ, ಕನ್ನಡ ಸಾಹಿತ್ಯ ಪರಿಷತ್ತಿನ 8 ಸಂಪುಟಗಳ ನಿಘಂಟು ಇದೆ. ಎರಡನೆಯದರಲ್ಲಿ ಅರ್ಥದ ಜೊತೆ ಹಳೆಯ ಕಾವ್ಯ, ಶಾಸನಗಳ ಸಾಲುಗಳನ್ನೂ ಕೊಡುತ್ತಾರೆ. ಅರ್ಥಕ್ಕಿಂತ ಆ ಸಾಲುಗಳನ್ನೇ ಜಾಸ್ತಿ ಹೊತ್ತು ಓದಿ, ನಿಜವಾದ ಸಾಕ್ಷಿ ಇರುವುದು ಅಲ್ಲಿ.

ಹಳೆಯ ಬಳಕೆಗೆ ಹೋದರೆ ಪದದ ಬಣ್ಣವೇ ಬೇರೆ. ಭಗವದ್ಗೀತೆಯ 2ನೇ ಅಧ್ಯಾಯದ 20ನೇ ಶ್ಲೋಕ ನೋಡಿ: 'ಅಜೋ ನಿತ್ಯಃ ಶಾಶ್ವತೋಽಯಂ ಪುರಾಣೋ'. ಇಲ್ಲಿ ಕಥೆಯೂ ಇಲ್ಲ, ಪುಸ್ತಕವೂ ಇಲ್ಲ. ಆತ್ಮ ಬಹಳ ಹಿಂದಿನಿಂದ ಇರುವಂಥದ್ದು ಅಂತ ಹೇಳುವ ಗುಣವಾಚಕ, ಅಷ್ಟೇ. ಋಗ್ವೇದದಲ್ಲೂ ಈ ಪದಕ್ಕೆ ಹಳೆಯದು ಎಂಬ ಅರ್ಥವೇ. ಛಾಂದೋಗ್ಯ ಉಪನಿಷತ್ತಿಗೆ ಬಂದರೆ 'ಇತಿಹಾಸಪುರಾಣ' ಐದನೆಯ ವೇದ ಅನ್ನಿಸಿಕೊಳ್ಳುತ್ತದೆ, ಅಂದರೆ ಅಷ್ಟರಲ್ಲಿ ಅದು ಕಲಿಯುವ ಒಂದು ವಿದ್ಯೆಯ ಹೆಸರೂ ಆಗಿತ್ತು.

ಈಗ ಒಡೆಯಿರಿ. 'ಪುರಾ' ಅಂದರೆ ಹಿಂದೆ, ಮೊದಲು. ಅದರಿಂದ 'ಪುರಾಣ', ಹಿಂದಿನದು. ವೇದದ ಪದಗಳನ್ನು ಬಿಡಿಸಿ ಹೇಳುವ ಹಳೆಯ ಗ್ರಂಥವಾದ ಯಾಸ್ಕನ ನಿರುಕ್ತದಲ್ಲಿ ಇನ್ನೊಂದು ವಿವರಣೆ ಸಿಗುತ್ತದೆ: 'ಪುರಾ ನವಂ ಭವತಿ', ಹಿಂದೆ ಹೊಸದಾಗಿತ್ತು. ತುಂಬಾ ಚೆನ್ನಾಗಿದೆ, ಅಲ್ವಾ? ಆದರೆ ಇಂಥ ವಿವರಣೆಯನ್ನು ನಿಮ್ಮ ಟಿಪ್ಪಣಿಯಲ್ಲಿ ಬೇರೆ ಸಾಲಿನಲ್ಲಿ ಬರೆದಿಡಿ. ಹಿಂದಿನವರು ಪದವನ್ನು ಹೇಗೆ ಅರ್ಥ ಮಾಡಿಕೊಂಡರು ಅನ್ನುವುದು ಒಂದು, ಪದ ಹೇಗೆ ಹುಟ್ಟಿತು ಅನ್ನುವುದು ಇನ್ನೊಂದು.

ಕನ್ನಡದ ದಾರಿಯನ್ನು ಮಾತ್ರ ಬಿಡಬೇಡಿ. ಪುರಾಣ ಅಂದರೆ 18 ಮಹಾಪುರಾಣಗಳು ಅಂತ ಸುಮ್ನೆ ಬರೆದುಬಿಟ್ಟರೆ ನಮ್ಮ ಸಾಹಿತ್ಯದ ದೊಡ್ಡ ಭಾಗವೇ ಹೊರಗುಳಿಯುತ್ತದೆ. ಪಂಪನ ಆದಿಪುರಾಣ 10ನೇ ಶತಮಾನದ್ದು, ಮೊದಲ ತೀರ್ಥಂಕರನ ಕಥೆ. ಅದೇ ಶತಮಾನದ ಚಾವುಂಡರಾಯ ಪುರಾಣ ಗದ್ಯದಲ್ಲಿದೆ. ಆಮೇಲೆ ಭೀಮಕವಿಯ ಬಸವಪುರಾಣ ಬಂತು, ಅದು ಶರಣರ ಕಥೆ. ಸೃಷ್ಟಿ, ಪ್ರಳಯ, ವಂಶ, ಮನ್ವಂತರ (ಒಬ್ಬೊಬ್ಬ ಮನುವಿನ ಕಾಲ) ಅಂತೆಲ್ಲ ಹೇಳುವ ಸಂಸ್ಕೃತದ ಐದು ಲಕ್ಷಣಗಳನ್ನು ಇವುಗಳ ಮೇಲೆ ಹೊರಿಸಿದರೆ ಹೊಂದುವುದಿಲ್ಲ. ಇಲ್ಲಿ ಪುರಾಣ ಅಂದರೆ ಪೂಜ್ಯರ ಬಾಳಿನ ದೊಡ್ಡ ಕಥನ.

ಕೊನೆಗೆ ಒಂದು ಎಚ್ಚರಿಕೆ. ಸದ್ದು ಒಂದೇ ಥರ ಇದೆ ಅಂತ ನೆಂಟಸ್ತನ ಕಟ್ಟಬೇಡಿ. ಇಂಗ್ಲಿಷಿನ 'ಮಿಥ್' ನಮ್ಮ 'ಮಿಥ್ಯ'ದಿಂದ ಬಂತು ಅಂತ ಬಹಳ ಜನ ನಂಬಿದ್ದಾರೆ. 'ಮಿಥ್' ಬಂದದ್ದು ಗ್ರೀಕಿನ 'ಮೂಥೋಸ್'ನಿಂದ. ಹೋಮರನ ಕಾಲಕ್ಕೆ ಅದರ ಅರ್ಥ ಮಾತು, ಹೇಳಿದ್ದು. ಕಟ್ಟುಕಥೆ ಎಂಬ ಅರ್ಥ ಬಂದದ್ದು ಆಮೇಲೆ. 'ಮಿಥ್ಯಾ' ಸಂಸ್ಕೃತದೊಳಗೇ ಬೆಳೆದ ಪದ, ತಪ್ಪಾಗಿ, ಸುಳ್ಳಾಗಿ ಎಂಬ ಅರ್ಥದ್ದು. ಈ ಎರಡನ್ನು ಬೆರೆಸಿದವರು ಪುರಾಣವನ್ನೂ ಸುಳ್ಳಿನ ಸಾಲಿಗೆ ಸೇರಿಸಿಬಿಡುತ್ತಾರೆ. ಆ ಪದದ ಹುಟ್ಟಿನಲ್ಲಿ ನಿಜ ಸುಳ್ಳಿನ ಮಾತೇ ಇಲ್ಲ, ಇರುವುದು ಕಾಲದ ಮಾತು.

ಇದೇ ಕ್ರಮದಲ್ಲಿ ಮುಂದೆ 'ಐತಿಹ್ಯ' ಹಿಡಿಯಿರಿ. ಅದರೊಳಗೆ 'ಇತಿ ಹ', ಅಂದರೆ 'ಹೀಗಂತೆ', ಇದೆ. 'ಇತಿಹಾಸ'ದಲ್ಲೂ ಅದೇ ಇದೆ, ಜೊತೆಗೆ 'ಆಸ', ಅಂದರೆ 'ಇತ್ತು'.