400 ಅಡಿಯೊಳಗೆ ಥರ್ಮಲ್ ಗ್ಲೈಡರ್: ನನ್ನ ಅನುಭವ

ಮಾರ್ಚ್ ತಿಂಗಳ ಮಧ್ಯಾಹ್ನ ದಾವಣಗೆರೆಯ ಬಯಲಿನಲ್ಲಿ ಥರ್ಮಲ್ ಗ್ಲೈಡರನ್ನು, ಅಂದರೆ ಏರುವ ಬಿಸಿಗಾಳಿಯ ಆಸರೆಯಲ್ಲಿ ತೇಲುವ, ರಿಮೋಟಿನಿಂದ ಹಾರಿಸುವ ಮಾದರಿ ವಿಮಾನವನ್ನು, 400 ಅಡಿಯೊಳಗೆ (ಸುಮಾರು 120 ಮೀಟರ್) ಹಿಡಿದಿಡುವುದು ಆಗದ ಮಾತೆಂದು ನಮ್ಮ ಹವ್ಯಾಸಿ ಮಿತ್ರರು ವಾದಿಸುತ್ತಿದ್ದರು. ಕೊಯ್ಲಾದ ಮೆಕ್ಕೆಜೋಳದ ಹೊಲದ ಮೇಲೆ ಬಿಸಿಗಾಳಿ ಎದ್ದರೆ, ಎರಡು ಮೀಟರ್ ರೆಕ್ಕೆಯ, ಒಂದೂಕಾಲು ಕಿಲೋ ತೂಕದ ವಿಮಾನ ನೋಡನೋಡುತ್ತಲೇ ಚುಕ್ಕೆಯಾಗುತ್ತದೆ ಎಂಬುದು ನಿಜವೇ. ಆದರೆ 2021ರ ಡ್ರೋನ್ ನಿಯಮಗಳಿಗೆ ನಮ್ಮ ಮಾಡೆಲ್‌ಗಳೂ ಒಳಪಟ್ಟಿವೆ. ಅನುಮತಿ ಕೇಳದೆ ಹಾರಿಸಬಹುದಾದ ಹಸಿರು ವಲಯದಲ್ಲೂ 400 ಅಡಿಯ ಮೇಲಿನದೆಲ್ಲ ಅನುಮತಿ ಬೇಕಾದ ಹಳದಿ ವಲಯ, ಮತ್ತು ಜನರಿರುವ ವಿಮಾನಕ್ಕೆ ದಾರಿ ಬಿಡಬೇಕಾದವರು ನಾವೇ. ಚುನಾವಣೆ ಬಂದಾಗ ಹೆಲಿಕಾಪ್ಟರ್‌ಗಳು ಎಷ್ಟು ತಗ್ಗಿನಲ್ಲಿ ಹಾದುಹೋಗುತ್ತವೆ ಎಂಬುದನ್ನು ಕಂಡವರಿಗೆ ಇದು ಬರಿಯ ಕಾಗದದ ಮಾತಲ್ಲ.

ಸುಮಾರು ಮೂರೂವರೆ ಸಾವಿರ ಕೊಟ್ಟು ವೇರಿಯೋ (ವಾಯುಭಾರ ಅಳೆದು ಎತ್ತರ ತಿಳಿಸುವ ಸಾಧನ) ಹಾಕಿಸಿ, 90 ಮೀಟರಿಗೇ ರಿಮೋಟ್ ಕೂಗುವಂತೆ ಮಾಡಿದೆ. ಬೆಳಿಗ್ಗೆ ಹತ್ತಕ್ಕೆ ಸೊನ್ನೆಗೆ ತಂದದ್ದು ಸಂಜೆ ನಾಲ್ಕಕ್ಕೆ ನೆಲದ ಮೇಲಿದ್ದಾಗಲೇ ಮೂವತ್ತು ಮೀಟರ್ ತೋರಿಸಿದಾಗ ಎಲ್ಲರೂ ನಕ್ಕರು. ಯಂತ್ರದ ತಪ್ಪೇನೂ ಇರಲಿಲ್ಲ. ಹತ್ತರ ಹೊತ್ತಿಗೆ ಏರಿದ ವಾಯುಭಾರ ನಾಲ್ಕರ ಹೊತ್ತಿಗೆ ಮೂರ್ನಾಲ್ಕು ಹೆಕ್ಟೋಪ್ಯಾಸ್ಕಲ್ ಇಳಿಯುತ್ತದೆ. ವಾಯುಭಾರದ ಅಳತೆಯಾದ ಒಂದು ಹೆಕ್ಟೋಪ್ಯಾಸ್ಕಲ್ ಇಳಿದರೆ ಎತ್ತರ ಸರಿಸುಮಾರು ಒಂಬತ್ತು ಮೀಟರ್ ಹೆಚ್ಚಾದ ಲೆಕ್ಕ. ಹೆಚ್ಚು ತೋರಿಸಿದರೆ ಅಪಾಯವಿಲ್ಲ, ಆದರೆ ನಾಲ್ಕಕ್ಕೆ ಸೊನ್ನೆ ಮಾಡಿ ಕತ್ತಲಾಗುವ ತನಕ ಹಾರಿಸಿದರೆ, ವಾಯುಭಾರ ಮತ್ತೆ ಏರುವುದರಿಂದ, ಅದು ಕಡಿಮೆ ತೋರಿಸತೊಡಗುತ್ತದೆ. ಹಾಗಾಗಿ ಪ್ರತಿ ಹಾರಾಟಕ್ಕೂ ಮೊದಲು ಹೊಸದಾಗಿ ಸೊನ್ನೆ ಮಾಡುತ್ತೇನೆ.

ಎತ್ತರ ತಿಳಿಯುವುದಕ್ಕಿಂತ ಇಳಿಸುವುದು ಕಷ್ಟ. ರೆಕ್ಕೆಯ ಹಿಂಬದಿಯ ಅಲುಗುವ ಪಟ್ಟಿಗಳಲ್ಲಿ ತುದಿಯ ಐಲರಾನ್ ಮೇಲಕ್ಕೆ, ಒಳಗಿನ ಫ್ಲ್ಯಾಪ್ ಕೆಳಕ್ಕೆ ಮಾಡಿ ಇಳಿಸುತ್ತಿದ್ದಾಗ, ಅವನ್ನು ಅಲುಗಿಸುವ ಪುಟ್ಟ ಮೋಟಾರಾದ ಸರ್ವೋದ ಪ್ಲಾಸ್ಟಿಕ್ ಗೇರಿನ ಹಲ್ಲು ಮುರಿದು, ಒಂದೇ ಬದಿಯ ಫ್ಲ್ಯಾಪ್ ಉಳಿದು, ವಿಮಾನ ತಿರುಚಿಕೊಂಡು ಎರೆಮಣ್ಣಿಗೆ ಹೊಡೆಯಿತು. ಬೆಂಗಳೂರಿನಿಂದ ಹಗುರ ಬಾಲ್ಸಾ ಮರ, ರೆಕ್ಕೆಯ ಬೆನ್ನೆಲುಬಾದ ಕಾರ್ಬನ್ ಸ್ಪಾರ್ ತರಿಸಲು ಐದಾರು ಸಾವಿರ ಹೋಯಿತು. ಲೋಹದ ಗೇರಿನ ಸರ್ವೋ ಹಾಕಿದ ಮೇಲೆ ನೂರು ಮೀಟರಿನಿಂದ ಹದಿನೈದು ಸೆಕೆಂಡಿನ ಆಸುಪಾಸಿನಲ್ಲಿ, ಮೂತಿ ಕುಸಿಯದೆ ಇಳಿಯುತ್ತದೆ. ಮೂತಿ ಕುಸಿಯದಂತೆ, ಫ್ಲ್ಯಾಪಿನ ಜೊತೆಗೆ ಬಾಲದ ಎಲಿವೇಟರ್ ಪಟ್ಟಿಯ ಚಲನೆಯನ್ನು ಎಷ್ಟು ಬೆರೆಸಿದ್ದೇನೆಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ನಕ್ಕವರ ಪೈಕಿ ಇಬ್ಬರ ಗ್ಲೈಡರಿಗೆ ಈಗ ನಾನೇ ಫ್ಲ್ಯಾಪ್ ಕೂರಿಸಿಕೊಟ್ಟಿದ್ದೇನೆ.

ನಡುವೆ, ಮೇಲಿನ ಪೈಲಟ್‌ಗೆ ಕಾಣಲೆಂದು ರೆಕ್ಕೆಗೆ ಕನ್ನಡಿ ಟೇಪು ಅಂಟಿಸಿ ನೋಡಿದೆ; ಬೇಸಿಗೆಯ ಬಿಳಿಚಿದ ಆಕಾಶದಲ್ಲಿ ಅದು ಕೆಳಗಿರುವ ನಮಗೇ ಕಾಣಲಿಲ್ಲ. ಎಲ್‌ಇಡಿ ಹಗಲಿನಲ್ಲಿ ದಂಡ. ಅದಕ್ಕಿಂತ, ಗ್ಲೈಡರಿಗೆ ಬೆನ್ನು ಹಾಕಿ ನಿಂತು ಬರಿಯ ಆಕಾಶ ನೋಡುವ, ಸದ್ದು ಆಲಿಸುವ ಒಬ್ಬ ಗೆಳೆಯ ಸಾಕು. ಅವನು ಕೈ ಎತ್ತಿದರೆ ನಾನು ಕಾರಣ ಕೇಳದೆ ಇಳಿಸುತ್ತೇನೆ.

ಚಿತ್ರದುರ್ಗದ ಮಿತ್ರರು, ವಿಶೇಷವಾಗಿ 2023ರಲ್ಲಿ ಇಸ್ರೋದ ಮರುಬಳಕೆಯ ವಾಹನ ಇಳಿದ ಪರೀಕ್ಷಾ ವಲಯವಿರುವ ಚಳ್ಳಕೆರೆ ಕಡೆಯವರು, ಈ ವಲಯಗಳನ್ನು ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯನ್ನು ಹೊಲಕ್ಕೆ ಹೊರಡುವ ಮುನ್ನ ಪ್ರತಿಸಲವೂ ನೋಡಬೇಕು. ಒಮ್ಮೆಗೆ 96 ಗಂಟೆಗಳವರೆಗೆ ತಾತ್ಕಾಲಿಕ ಕೆಂಪು ವಲಯ ಘೋಷಿಸುವ ಅಧಿಕಾರ ರಾಜ್ಯ ಸರ್ಕಾರಕ್ಕಿದೆ. ಕಳೆದ ವಾರದ ಹಸಿರು ಈ ವಾರಕ್ಕೆ ಲೆಕ್ಕಕ್ಕಿಲ್ಲ.